ಕ್ಲಾರಿಯೋನೆಟ್ ಸಯೀದನ ತಲೆನೋವು

ತುಮಕೂರಿನ ನಮ್ಮ ಬೀದಿಯಲ್ಲಿ ಸಯೀದನನ್ನು ಕುಡುಕ ಎಂದವರು ಹಲವರು. ಅವನು ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ. ಅಕ್ರಂ ಪಾಷಾ ಅವರ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದ. ಅವನಿಗೆ ಅರೆತಲೆನೋವಿತ್ತು.

ನೋವು ಎಡಗಣ್ಣಿನ ಹಿಂದಿನಿಂದ ಶುರುವಾಗುತ್ತಿತ್ತು. ಅದಕ್ಕೆ ಮೊದಲು, ನೋಡಿದ ವಸ್ತುವಿನ ಅಂಚೆಲ್ಲ ಮಿಣಮಿಣ ಎನ್ನುತ್ತಿತ್ತಂತೆ. ಆಮೇಲೆ ಬೆಳಕು ಕಂಡರಾಗದು, ಸದ್ದು ಕೇಳಿದರಾಗದು, ಮಲ್ಲಿಗೆಯ ವಾಸನೆಗೂ ಹೊಟ್ಟೆ ತೊಳಸುತ್ತಿತ್ತು. ಮದುವೆ ಮನೆಯಲ್ಲಿ ಇರುವುದೇ ಈ ಮೂರು.

೧೯೯೩ರ ಬೇಸಿಗೆಯಲ್ಲಿ ಕುಣಿಗಲ್ಲಿನಲ್ಲಿ ಒಂದು ಮದುವೆ. ಧಾರೆ ಮುಗಿದು ಮದುಮಕ್ಕಳನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಮೆರವಣಿಗೆ ಹೊರಟಿತ್ತು. ನಡುದಾರಿಯಲ್ಲಿ ಸಯೀದ್ ವಾದ್ಯ ಕೆಳಗಿಳಿಸಿದ, ತೂರಾಡಿದ, ಮೋರಿಯ ಪಕ್ಕ ಕುಳಿತು ವಾಂತಿ ಮಾಡಿಕೊಂಡ. ಕಣ್ಣು ಕೆಂಪಗಿತ್ತು. ನೋಡಿದವರಿಗೆ ಇನ್ನೇನು ಪುರಾವೆ ಬೇಕು?

"ಬೆಳಗ್‌ಬೆಳಗ್ಗೇನೆ ಹಾಕ್ಕೊಂಡ್ ಬಂದವ್ನೆ ಕಣ್ರಲಾ!" ಎಂದು ಹೆಣ್ಣಿನ ಸೋದರಮಾವ ಕೂಗಿದ.

ಅಕ್ರಂ ಪಾಷಾ ಒಳ್ಳೆಯ ಮನುಷ್ಯ. ಆದರೆ ಬ್ಯಾಂಡಿನ ಯಜಮಾನ. ವ್ಯಾನಿನಲ್ಲಿ ವಾಪಸಾಗುವಾಗ, ಡೋಲಿನ ಗಂಗರಾಜು ಮೊದಲಾದವರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: "ನೀನು ಕುಡಿಯಲ್ಲ ಅಂತ ನಂಗೊತ್ತು. ಊರಿಗೆ ಗೊತ್ತಿಲ್ವಲ್ಲಪ್ಪ. ಇನ್ನೊಂದ್ಸಲ ಹಿಂಗಾದ್ರೆ ಕ್ಲಾರಿಯೋನೆಟ್ ಗಿಲಕಿ ಆಡ್ಸೋ ಝುಬೇರ್‌ಗೆ. ನೀನು ಹಿಂದ್ಗಡೆ ಗಿಲಕಿ ಆಡ್ಸ್ಕೊಂಡು ಬಾ."

"ಗಿಲಕಿಗೂ ತಲೆ ನೆಟ್ಟಗಿರ್ಬೇಕು ಸಾಬ್ರೇ" ಎಂದ ಗಂಗರಾಜು. ಯಾರೂ ನಗಲಿಲ್ಲ. ಕ್ಲಾರಿಯೋನೆಟ್ ಅಪ್ಪನಿಂದ ಬಂದ ವಾದ್ಯ. ಸಯೀದನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ಮೈಗ್ರೇನ್ ಎಂದರು, ಬೇರೆ ಅಪಾಯವೇನೂ ಇಲ್ಲವೆಂದರು, ಮಾತ್ರೆ ಬರೆದರು. ಮಾತ್ರೆ ನೋವನ್ನು ತಡೆಯಿತು, ಜೊತೆಗೆ ಬಾಯಿಯನ್ನೂ ಒಣಗಿಸಿತು. ಒಣಬಾಯಲ್ಲಿ ಕ್ಲಾರಿಯೋನೆಟ್ ಊದಲಾಗದು. ಬಳಿಕ ಊರಿಗೆ ಊರೇ ವೈದ್ಯವೃತ್ತಿಗೆ ಇಳಿಯಿತು. ಊರ್ಡಿಗೆರೆಯವರಾರೋ ಹೇಳಿದ ಸೊಪ್ಪಿನ ರಸವನ್ನು ಮೂಗಿಗೆ ಬಿಟ್ಟುಕೊಂಡು ಒಂದು ಹಗಲು ಪೂರ್ತಿ ಸೀನಿದ. ಒಣಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದರೆ ತುಸು ಹಾಯೆನಿಸುತ್ತಿತ್ತು. ಕತ್ತಲೆ ಕೋಣೆಯೂ ಕತ್ತಿನ ಹಿಂದಿನ ಒದ್ದೆ ಬಟ್ಟೆಯೂ ಅದಕ್ಕಿಂತ ಮೇಲು. ಆದರೆ ಇವೆಲ್ಲ ನೋವು ಬಂದ ಮೇಲಿನ ಮಾತು. ಬಾರದಂತೆ ಮಾಡುವುದು ಹೇಗೆ?

ಇಲ್ಲಿಂದ ಮುಂದೆ ಸಯೀದ್ ನಡೆದುಕೊಂಡ ರೀತಿ ನನಗೆ ಮೆಚ್ಚುಗೆಯಾಯಿತು. ಅವನು ಹಣೆಬರಹ ಎಂದು ಕೂರಲಿಲ್ಲ, ಯೋಚಿಸಿದ. ಭಾನುವಾರಗಳಂದು ತಗಡಿನ ಶೆಡ್ಡಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಅಲ್ಲಿಯೂ ಅದೇ ಡೋಲು, ಅದೇ ಸೆಕೆ. ಸದ್ದು ಇನ್ನೂ ಹೆಚ್ಚು. ಅಲ್ಲಿ ತಲೆ ನೋಯುತ್ತಿರಲಿಲ್ಲ. ಹಾಗಾದರೆ ತಪ್ಪು ಡೋಲಿನದಲ್ಲ. ಮದುವೆಯ ದಿನದಲ್ಲಿ ಬೇರೆ ಏನಿದೆ ಎಂದು ಹೆಂಡತಿ ಜೈಬಾಳನ್ನು ಕೇಳಿದ. ಭಾನುವಾರ ನಾಷ್ಟಾ ಮಾಡಿ ಹೋಗುತ್ತೀರಿ ಎಂದಳು ಅವಳು.

ಮದುವೆಯ ದಿನ ಬೆಳಕು ಹರಿಯುವ ಮೊದಲೇ ಬರೀ ಚಹಾ ಕುಡಿದು ಹೊರಡಬೇಕು. ವಾದ್ಯದವರಿಗೆ ಊಟ ಕೊನೆಯ ಪಂಕ್ತಿಯಲ್ಲಿ, ನೆಂಟರು ಮತ್ತು ನೆಂಟರ ನೆಂಟರು ಎದ್ದ ಮೇಲೆ. ಅಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಇದನ್ನು ಯಾರೂ ಅನ್ಯಾಯವೆಂದು ಭಾವಿಸಿರಲಿಲ್ಲ, ವಾದ್ಯದವರೂ ಕೂಡ.

ಅಂದಿನಿಂದ ವಾದ್ಯದ ಪೆಟ್ಟಿಗೆಯ ಜೊತೆ ಒಂದು ಡಬ್ಬಿ ಹೊರಟಿತು: ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿ. ಒಂದು ಬಾಟಲಿ ನೀರು. ಮೆರವಣಿಗೆಗೆ ಮೊದಲು ವ್ಯಾನಿನ ಮರೆಯಲ್ಲಿ ತಿನ್ನುತ್ತಿದ್ದ. ಮದುವೆಯ ಹಿಂದಿನ ದಿನ ಬೇಗ ಮಲಗುತ್ತಿದ್ದ. ಬಿಸಿಲಿಗೆ ಟೋಪಿಯ ಅಂಚನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಿದ್ದ. ಒಂದಾದ ಮೇಲೊಂದು ಮದುವೆ ನೋವಿಲ್ಲದೆ ಕಳೆದವು.

ಮರುವರ್ಷ ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರಿ ಗಂಗಹನುಮಯ್ಯನವರ ಹಿರಿಯ ಮಗಳ ಮದುವೆ. ನೆಂಟರ ನೆಂಟಳಾಗಿ ನಾನೂ ಹೋಗಿದ್ದೆ. ಸಯೀದ್ ಡಬ್ಬಿ ಬಿಚ್ಚುವುದಕ್ಕೂ ಮೆರವಣಿಗೆ ಹೊರಡುವುದಕ್ಕೂ ಸರಿಹೋಯಿತು. ವಾದ್ಯದವರನ್ನು ಹುಡುಕುತ್ತ ಗಂಗಹನುಮಯ್ಯನವರೇ ವ್ಯಾನಿನ ಹಿಂದಕ್ಕೆ ಬಂದರು.

"ಏನ್ ಸಾಬ್ರೇ, ನಮ್ಮನೆ ಮದ್ವೇಲಿ ಬುತ್ತಿ ಬಿಚ್ಕೊಂಡ್ ಕೂತಿದೀರಾ? ನಾವೇನ್ ಅನ್ನ ಹಾಕಲ್ವಾ?"

ಮದುವೆ ಮನೆಗೆ ಬುತ್ತಿ ತರುವುದೆಂದರೆ ಯಜಮಾನನ ಮುಖಕ್ಕೆ ಹೊಡೆದ ಹಾಗೆ. ಜನ ಸೇರಿದರು. ಅಕ್ರಂ ಪಾಷಾ ಕೈಮುಗಿದು, "ತಪ್ಪಾಯ್ತು ಯಜಮಾನ್ರೇ... ಮುಚ್ಚೋ ಅದನ್ನ, ಎದ್ದೇಳೋ!" ಎಂದರು. ಝುಬೇರ್ ಆಗಲೇ ಕ್ಲಾರಿಯೋನೆಟ್ ಕಡೆ ನೋಡುತ್ತಿದ್ದ.

ಸಯೀದ್ ಏಳಲಿಲ್ಲ. "ಅನ್ನ ಹಾಕ್ತೀರಿ ಸ್ವಾಮಿ, ಎಲ್ರೂ ಎದ್ಮೇಲೆ. ನನ್ ತಲೆ ಅಲ್ಲೀಗಂಟ ಕಾಯಲ್ಲ. ಕುಣಿಗಲ್ಲಲ್ಲಿ ಬಿದ್ನಲ್ಲ, ಅವನೇ ನಾನು. ಕುಡ್ದಿರ್ಲಿಲ್ಲ, ಹಸ್ದಿದ್ದೆ. ಈಗ ತಿಂದ್ರೆ ದೇವಸ್ಥಾನದ ಬಾಗ್ಲವರ್ಗೂ ಊದ್ತೀನಿ. ತಿನ್ನದಿದ್ರೆ ನಿಮ್ ಮಗಳ ಮುಂದೇನೇ ಬೀಳ್ತೀನಿ. ಯಾವ್ದು ಬೇಕು ನೀವೇ ಹೇಳಿ."

ಗಂಗಹನುಮಯ್ಯ ಅವನ ಮುಖವನ್ನೇ ನೋಡಿದರು. "ಎಷ್ಟೊತ್ತಾಯ್ತದೆ?"

"ಎರಡು ರೊಟ್ಟಿ."

"ತಿನ್ನು ಬುಡು."

ಸಯೀದ್ ಗಬಗಬ ನುಂಗಲಿಲ್ಲ. ಅಗಿದು ತಿಂದ, ನೀರು ಕುಡಿದ, ಬಾಯಿ ಮುಕ್ಕಳಿಸಿದ. "ಮದ್ವೆ ಗಂಡು ಬಿಸ್ಲಲ್ಲಿ, ಊದೋ ಸಾಬ್ರು ಊಟದಲ್ಲಿ" ಎಂದು ಯಾರೋ ಚುಚ್ಚಿದರು. ಕೇಳಿಸಿದರೂ ಅವನು ಅವಸರ ಪಡಲಿಲ್ಲ. ಅಷ್ಟು ಜನರ ಎದುರು ನಿಧಾನವಾಗಿ ಅಗಿಯಲು ಎಂಥ ಧೈರ್ಯ ಬೇಕು ಎಂಬುದು ನೋಡಿದವರಿಗೆ ಗೊತ್ತು. ಆಮೇಲೆ ದೇವಸ್ಥಾನದ ಬಾಗಿಲವರೆಗೂ ವಾದ್ಯ ಕೆಳಗಿಳಿಸದೆ ನುಡಿಸಿದ. ಅದ್ಭುತವಾಗಿ ನುಡಿಸಿದ ಎಂದು ಬರೆಯಲಾರೆ, ಡೋಲಿನ ಅಬ್ಬರ ಹೆಚ್ಚಾಗಿತ್ತು. ಆದರೆ ನೆಟ್ಟಗೆ ನಡೆದ.

೨೦೦೧ರಲ್ಲಿ ಕಿರಿಯ ಮಗಳ ಮದುವೆಗೆ ಬ್ಯಾಂಡ್ ಗೊತ್ತುಮಾಡಲು ಗಂಗಹನುಮಯ್ಯ ತುಮಕೂರಿಗೆ ತಾವೇ ಬಂದರು. "ನಿಮ್ಮೋರ್ಗೆಲ್ಲ ಬಂದ ತಕ್ಷಣ ಮೊದಲ್ನೇ ಪಂಕ್ತೀಲಿ ತಿಂಡಿ ಹಾಕುಸ್ತೀನಿ. ಇನ್ನೊಂದ್ಸಲ ನನ್ ಮೆರವಣಿಗೆ ರೊಟ್ಟಿಗೋಸ್ಕರ ನಿಲ್ಲೋದ್ ಬ್ಯಾಡ" ಎಂದರು. ಕರುಣೆಯ ಮಾತಲ್ಲ ಅದು, ವ್ಯವಹಾರ. ಅಕ್ರಂ ಪಾಷಾ ಅದನ್ನೇ ಹಿಡಿದುಕೊಂಡು ಮುಂದಿನ ಮದುವೆಗಳಲ್ಲೂ ಕೇಳತೊಡಗಿದರು. ಕೆಲವರು ಒಪ್ಪಿದರು, ಕೆಲವರು ಬೇರೆ ಬ್ಯಾಂಡ್ ನೋಡಿಕೊಂಡರು. ಗಂಗರಾಜುವಿಗೆ ಹೊಟ್ಟೆ ಬಂತು.

ನೋವು ಸಯೀದನನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಜೈಬಾ ಹಗಲಲ್ಲೇ ಕಿಟಕಿ ಮುಚ್ಚಿದರೆ ಬೀದಿಯವರು ರೇಡಿಯೋ ತಗ್ಗಿಸುತ್ತಿದ್ದರು. ಕುಡುಕ ಎಂಬ ಮಾತು ಮತ್ತೆ ಕೇಳಲಿಲ್ಲ. ಮೊದಲ ಪಂಕ್ತಿಯ ತಿಂಡಿ ಸಿಗತೊಡಗಿದ ಮೇಲೂ ಅವನು ಡಬ್ಬಿ ಬಿಡಲಿಲ್ಲ. ಇನ್ನೇಕೆ ಎಂದು ಕೇಳಿದೆ.

"ಮದ್ವೆ ಮನೆಯೋರು ಒಳ್ಳೇವ್ರೇ ಅಮ್ಮಾ," ಎಂದ, "ಅಡಿಗೆಯೋರು ತಡವಾಗಿ ಏಳ್ತಾರೆ."