ಕೊನೇ ಸ್ಟಾಪಿನವರೆಗಿನ ಸಾಲ

ನನ್ನ ಸೊಸೆ ಎಂಥವಳು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಮಹಾ ಹಠಮಾರಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳು ಸ್ಕೂಲಿಗೆ ಸೇರಿದ ಮೇಲೆ ಇವಳಿಗೆ ಡಾಕ್ಟರಾಗೋ ಹುಚ್ಚು ಹಿಡೀತು. ಒಲೆ ಮೇಲೆ ಹಾಲಿಟ್ಟು ಓದ್ತಾ ಕೂರೋಳು. ಎಷ್ಟು ಸಲ ಹಾಲು ಉಕ್ಕಿತೋ, ಎಷ್ಟು ಸಲ ನಾನು ಬೈದೆನೋ! ಎಂಟ್ರೆನ್ಸ್‌ನಲ್ಲಿ ಒಂದು ಸಲ ಫೇಲಾದಳು, ಮತ್ತೆ ಬರೆದಳು, ಸೀಟು ಹೊಡೆದೇ ಬಿಟ್ಟಳು. ಆವತ್ತು ನಾನು ಕುಣಿದಿದ್ದು ನೋಡಿ ನನ್ನ ಮಗ, "ಅಮ್ಮಾ, ಮಂಡಿ ಜೋಪಾನ" ಅಂದ.

ಸೀಟೇನೋ ಸಿಕ್ತು, ದುಡ್ಡು? ಮಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನೊಬ್ಬನ ಸಂಬಳದಲ್ಲಿ ಮನೆ ನಡೆಯೋ ಮಾತೇ ಇಲ್ಲ. ಬ್ಯಾಂಕಿನವರು ಸಾಲ ಕೊಡ್ತೀವಿ ಅಂದರು. ಎಷ್ಟು ತಗೋಬೇಕು ಅನ್ನೋದಕ್ಕೇ ಮನೇಲಿ ಜಗಳ ಶುರುವಾಯ್ತು.

"ಬರೀ ಫೀಸಿಗೆ ತಗೊಂಡರೆ ಸಾಕು ಅತ್ತೆ. ಮನೆ ಖರ್ಚಿಗೆ ನೈಟ್ ಡ್ಯೂಟಿ ಮಾಡ್ತೀನಿ" ಅಂದಳು.

"ಹಗಲು ಕ್ಲಾಸು, ರಾತ್ರಿ ಡ್ಯೂಟಿ. ನಿದ್ದೆ ಎಲ್ಲಿ ಮಾಡ್ತೀಯಮ್ಮಾ, ಹೆಣ ಕೊಯ್ಯೋ ಟೇಬಲ್ ಮೇಲಾ?"

"ಹೇಗೋ ಆಗುತ್ತೆ ಬಿಡಿ. ಜಾಸ್ತಿ ಬೇಕು ಅಂದರೆ ನಿಮ್ಮ ಪಿಂಚಣಿ ತೋರಿಸಿ ಜಾಮೀನು ಹಾಕಿಸಬೇಕಂತೆ. ನಿಮ್ಮ ದುಡ್ಡಿಗೆ ನಾನು ಕೈ ಹಾಕಲ್ಲ."

ಮೈಯೆಲ್ಲ ಉರಿದುಹೋಯ್ತು ನನಗೆ. ನಿಮ್ಮ ದುಡ್ಡಂತೆ! ಹೋಗುವಾಗ ನಾನೇನು ಅದನ್ನ ತಲೆ ಮೇಲೆ ಹೊತ್ತುಕೊಂಡು ಹೋಗ್ತೀನಾ? ಇವಳ ಬಾಣಂತನ ಮಾಡಿದ್ದು ನಾನು, ಇವಳ ಮಗೂನ ಸಾಕಿದ್ದು ನಾನು. ಕೋಪಕ್ಕೋ ಸಂಕಟಕ್ಕೋ, ಕಣ್ಣಲ್ಲಿ ನೀರು ಬಂತು.

ನಾನು ಬಸ್ ಕಂಡಕ್ಟರಾಗಿ ರಿಟೈರಾದವಳು. ನಾಲ್ಕು ಕಾಸು ಉಳಿಸೋಕೆ ಅರ್ಧ ದಾರಿಗೆ ಟಿಕೆಟ್ ತಗೊಂಡು, ಮುಂದೆ ನೋಡ್ಕೊಂಡರಾಯ್ತು ಅಂತ ಕಿಟಕಿ ಕಡೆ ಮುಖ ಮಾಡಿ ಕೂರೋರು ದಿನಾ ಸಿಗ್ತಿದ್ದರು. ಚೆಕಿಂಗಿನವರು ಹತ್ತಿದರೋ, ಗಂಟುಮೂಟೆ ಸಮೇತ ನಡುರಸ್ತೆಯಲ್ಲಿ ಇಳೀಬೇಕು. ಊರೂ ಸೇರಲ್ಲ, ಕೊಟ್ಟ ದುಡ್ಡೂ ವಾಪಸ್ ಬರಲ್ಲ. ಅಂಥವರನ್ನ ನಾನೇ ಎಷ್ಟೋ ಜನರನ್ನ ಇಳಿಸಿದ್ದೀನಿ.

ಅದನ್ನೇ ಅವಳಿಗೆ ಹೇಳಿದೆ. "ನೀನು ಹೋಗಬೇಕಾಗಿರೋದು ಕೊನೇ ಸ್ಟಾಪಿಗೆ. ಅರ್ಧ ದಾರಿಗೆ ಯಾಕೆ ಟಿಕೆಟ್ ಕೇಳ್ತೀಯ? ಎರಡನೇ ವರ್ಷ ನಿದ್ದೆಗೆಟ್ಟು ಫೇಲಾದರೆ ಸಾಲವೂ ಉಳಿಯುತ್ತೆ, ನೀನೂ ನರ್ಸಾಗೇ ಉಳೀತೀಯ."

ಅವಳು ಮೆಲ್ಲಗೆ, "ನಾನು ಪಾಸಾಗದೇ ಹೋದರೆ ಅತ್ತೆ?" ಅಂದಳು. ಭಯ ಇದ್ದಿದ್ದು ಅಲ್ಲಿ, ನೋಡಿ.

"ಆಗದೇ ಹೋದರೆ ಇಬ್ಬರೂ ಸೇರಿ ತೀರಿಸೋಣ. ನಾನೇನು ನಾಳೇನೇ ಸಾಯ್ತಿದ್ದೀನಾ?"

ಫೀಸು, ಪುಸ್ತಕ, ನಿಂತುಹೋಗೋ ಅವಳ ಸಂಬಳ, ಎಲ್ಲ ಸೇರಿಸಿ ಮೂವರೂ ಕೂತು ಲೆಕ್ಕ ಹಾಕಿದೆವು. ಬ್ಯಾಂಕಿನ ಮೇಡಂ ನಮ್ಮ ಮೊತ್ತ ನೋಡಿ, "ಇನ್ನೂ ಸಿಗುತ್ತೆ, ಒಂದು ಸ್ಕೂಟರಿಗೂ ಸೇರಿಸಲಾ?" ಅಂದರು. "ಬೇಡ ತಾಯಿ. ಕೊನೇ ಸ್ಟಾಪಿನಿಂದ ಆಚೆ ನಮಗೆ ಕೆಲಸವಿಲ್ಲ" ಅಂದೆ. ಅವಳು ಎರಡೆರಡು ಸಲ ಓದಿ ಸೈನ್ ಮಾಡಿದಳು. ನಾನು ಜಾಮೀನಿನ ಕಾಗದಕ್ಕೆ ಒಂದೇ ಏಟಿಗೆ ಸೈನ್ ಹಾಕಿದೆ.

ಕೈ ಬಿಗಿಹಿಡಿದು ಬದುಕಿದೆವು. ಸೋಫಾ ಹರಿದರೆ ಹೊಲಿದೆವು, ಫ್ಯಾನು ಕೆಟ್ಟರೆ ಮಗನೇ ಬಿಚ್ಚಿ ಸರಿಮಾಡಿದ. ಆದರೆ ಅವಳು ಓದಿದಳು, ಮಲಗಿದಳು, ಮತ್ತೆ ಎದ್ದು ಓದಿದಳು. ಒಂದೇ ಒಂದು ಪೇಪರೂ ಉಳಿಸಿಕೊಳ್ಳಲಿಲ್ಲ! ಈಗ ಕಂತು ಅವಳ ಸಂಬಳದಿಂದಲೇ ಹೋಗ್ತಿದೆ.

ಕೆಲಸ ಸಿಕ್ಕಿದ್ದು ಅದೇ ಆಸ್ಪತ್ರೆಯಲ್ಲಿ, ಅದೇ ಹೆರಿಗೆ ವಿಭಾಗದಲ್ಲಿ. ಮೊದಲ ವಾರ ನನಗೆ ಮನೇಲಿ ಕೂರೋಕಾಗಲಿಲ್ಲ. ಚೀಟಿ ಮಾಡಿಸಿ, ಬಸುರಿ ಹೆಂಗಸರ ಜೊತೆ ಕ್ಯೂನಲ್ಲಿ ನಿಂತು ಒಳಗೆ ಹೋಗಿ ಅವಳೆದುರಿಗೆ ಕೂತೆ.

"ಏನಾಗಿದೆ?" ಬರೀತಾ ಇದ್ದವಳು ತಲೆ ಎತ್ತದೇ ಕೇಳಿದಳು.

"ಏನೂ ಇಲ್ಲ. ಡಾಕ್ಟರನ್ನ ನೋಡಬೇಕಿತ್ತು."

"ಅತ್ತೆ!" ಅಂತ ದಡಬಡಿಸಿ ಎದ್ದಳು. ನಗು ಬಂದರೂ ತಡ್ಕೊಂಡು, "ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ನೋಡಿದಿರಾ? ಏಳಿ, ಮನೆಗೆ ನಡೀರಿ!" ಅಂತ ಎಲ್ಲರೆದುರಿಗೆ ಗದರಿಸಿದಳು.

ಜನ್ಮದಲ್ಲಿ ಬೈಸಿಕೊಂಡು ನಾನು ಅಷ್ಟು ಖುಷಿಪಟ್ಟಿದ್ದಿಲ್ಲ. ಹೊರಗೆ ಬಂದು, ಬಾಗಿಲಲ್ಲಿ ಹೆದರಿಕೊಂಡು ನಿಂತಿದ್ದ ತುಂಬು ಬಸುರಿಗೆ ಹೇಳಿದೆ: "ಹೋಗಮ್ಮಾ ಒಳಗೆ, ಧೈರ್ಯವಾಗಿ ಹೋಗು. ಡಾಕ್ಟರು ನನ್ನ ಸೊಸೆ."