ವಿನಿಗರ್‌ನಲ್ಲಿ ಕರಗದ ಮಾತ್ರೆ

ಅವರ ಹೆಬ್ಬೆರಳಿನ ಉಗುರು ಉದ್ದವಾಗಿ, ಅಂಚಿನಲ್ಲಿ ಹಳದಿಗಟ್ಟಿತ್ತು. ಯಾರಾದರೂ ಶಕ್ತಿಯ ಪುಡಿಯನ್ನೋ ವಿಟಮಿನ್ ಡಬ್ಬಿಯನ್ನೋ ತಂದು ಒಳ್ಳೆಯದೇ ಎಂದು ಕೇಳಿದರೆ, ದೇವನಹಳ್ಳಿಯ ನಮ್ಮ ಬೀದಿಯ ಔಷಧದಂಗಡಿಯವರು ಮುಂಬದಿಯ ಚಿತ್ರವನ್ನು ನೋಡುತ್ತಲೇ ಇರಲಿಲ್ಲ. ಡಬ್ಬಿಯನ್ನು ತಿರುಗಿಸಿ, ಆ ಉಗುರನ್ನು ಸಣ್ಣಕ್ಷರಗಳ ಕೆಳಗೆ ಸರಿಸುತ್ತ ಹೋಗುತ್ತಿದ್ದರು. ಪರವಾನಗಿಯ ಸಂಖ್ಯೆ, ಯಾವುದು ಎಷ್ಟಿದೆ ಎಂಬ ವಿವರ, ಕೊನೆಗೆ ಸಕ್ಕರೆ. ಎಷ್ಟೋ ಡಬ್ಬಿಗಳನ್ನು "ಮನೇಲಿ ಹುರಿಗಡಲೆ ಇಲ್ವಾ?" ಎಂದು ಹಿಂದಿರುಗಿಸುತ್ತಿದ್ದರು.

ನಾಲ್ಕು ವರ್ಷಗಳ ಹಿಂದೆ ನನ್ನ ಅಕ್ಕ ಅಂಗಳದಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಮೂಳೆ ಸವೆದಿದೆ ಎಂದರು ವೈದ್ಯರು. ಅದಕ್ಕೂ ಎರಡು ವರ್ಷ ಮೊದಲಿನಿಂದಲೇ ಅವಳಿಗೆ ಕ್ಯಾಲ್ಸಿಯಂ ಮಾತ್ರೆ ತಂದುಕೊಡುತ್ತಿದ್ದವನು ನಾನು. ವಿಮಾನ ನಿಲ್ದಾಣದ ರಸ್ತೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಕೊಂಡರೆ ಒಂದು ಉಚಿತ. ಶಾಲೆಯಲ್ಲಿದ್ದಾಗ ಪ್ರತಿ ಉತ್ತರಪತ್ರಿಕೆಯನ್ನೂ ಎರಡು ಸಲ ತಿದ್ದಿದವನು, ಆ ಡಬ್ಬಿಯ ಹಿಂಬದಿಯನ್ನು ಒಮ್ಮೆಯೂ ಓದಿರಲಿಲ್ಲ. ಅಕ್ಕ ಬಿದ್ದ ಮೇಲೆ ಅದನ್ನು ಔಷಧದಂಗಡಿಗೆ ಒಯ್ದೆ.

ಹೊಟ್ಟೆಯ ಹುಳಿಯಂತೆಯೇ ಇದೂ ಎಂದು ಅವರು ಒಂದು ಮಾತ್ರೆಯನ್ನು ಲೋಟದ ವಿನಿಗರ್‌ಗೆ ಹಾಕಿ, ನನ್ನನ್ನು ಕೂರಿಸಿ, ಆಗಾಗ ಚಮಚದಿಂದ ಕಲಕುತ್ತಿದ್ದರು. ಅರ್ಧ ಗಂಟೆಯಲ್ಲಿ ಕರಗಬೇಕಾದದ್ದು ಒಂದು ಗಂಟೆಯಾದರೂ ತಳದಲ್ಲಿ ಗುಂಡಗೆ ಕುಳಿತಿತ್ತು.

"ಮೇಷ್ಟ್ರೇ, ಇದು ಹೋದ್ ಹಾಗೇ ಆಚೆ ಬಂದಿರುತ್ತೆ," ಎಂದರು.

ತಪ್ಪನ್ನೆಲ್ಲ ಮಾತ್ರೆಯ ಮೇಲೆ ಹೊರಿಸಲು ಮಾತ್ರ ಬಿಡಲಿಲ್ಲ. ಹೇಗೆ ನುಂಗುತ್ತಿದ್ದಳೆಂದು ಕೇಳಿದರು. ಒಂದೇ ಸಲಕ್ಕೆ ಮುಗಿಯಲೆಂದು ಕಬ್ಬಿಣಾಂಶದ ಮಾತ್ರೆಯನ್ನೂ ಸೇರಿಸಿ, ಬೆಳಗಿನ ಕಾಫಿಯ ಜೊತೆ. ಆ ನಿಯಮ ಮಾಡಿದವನೂ ನಾನೇ. ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲ, ಕಾಫಿಯೂ ಅಡ್ಡ ಎಂದು ವಿವರಿಸಿ, ಬೇರೆ ಡಬ್ಬಿ ಮಾರದೆ ವೈದ್ಯರ ಬಳಿಗೇ ಕಳಿಸಿದರು.

ಅಕ್ಕನಿಗೆ ಹೇಳಬೇಕೇ ಎಂದು ಕೇಳಿದೆ.

"ಹೇಳ್ಬಿಡಿ. ಇಲ್ದಿದ್ರೆ ನೀವು ತಂದಿದ್ದು ಅಂತ ಖಾಲಿ ಆಗೋವರ್ಗೂ ನುಂಗ್ತಾರೆ."

ಹೇಳಿದೆ. ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡಳು. ಮುದ್ದೆ ಮುರಿಯಲು ಆ ಕೈಗೆ ಈಗಲೂ ಆಗದು. ಎಡಗೈಯಲ್ಲಿ ಚಮಚ ಹಿಡಿಯುತ್ತಾಳೆ. ದಿನಕ್ಕೆರಡು ಸಲ ಅದನ್ನು ನೋಡುತ್ತೇನೆ.

ಕಳೆದ ವರ್ಷ ಅಂಗಡಿಯವರು ಹಾಸಿಗೆ ಹಿಡಿದರು. ಕಣ್ಣು ಮಂಜಾಗಿತ್ತು. ನೋಡಲು ಬಂದವರು ತಂದ ಡಬ್ಬಿಗಳು ಕಿಟಕಿಯಲ್ಲಿ ಸಾಲಾಗಿದ್ದವು. ಹಿಂಬದಿ ಓದಿ ಎಂದರು. ಓದಿದೆ, ಒಂದೊಂದಕ್ಕೂ ಬೇಡವೆಂದು ಕೈ ಆಡಿಸಿದರು. ಕೊನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇತ್ತು. ಅದನ್ನು ತಂದವರು ಯಾರೆಂದು ಕೇಳಿದರು. ನಿಮ್ಮ ಮಗಳು ಎಂದೆ.

ಬೇಡವೆನ್ನಲು ಎತ್ತಿದ್ದ ಕೈಯನ್ನು ಇಳಿಸಿದರು.

"ಹಾಲಿಗೆ ಒಂದ್ ಚಮಚ ಹಾಕ್ಕೊಡಿ ಮೇಷ್ಟ್ರೇ."

ಮೂರನೆಯ ದಿನ ಅವರು ತೀರಿಕೊಂಡರು. ಜನ ಕರಗಿದ ಮೇಲೆ ಮಗಳು ನನ್ನ ಬಳಿ ಬಂದಳು.

"ನಾನ್ ತಂದಿದ್ನ ಅಪ್ಪ ಕುಡಿದ್ರಾ?"

ಒಂದು ಲೋಟ ಪೂರ್ತಿ ಕುಡಿದರು ಎಂದೆ.