ಎಂಜಿನ್ನಿನ ಮೇಲೆ ತೀರ್ಥ

ಇವತ್ತು ಅಮಾವಾಸ್ಯೆ. ಕೆಳಗೆ ಪಾರ್ಕಿಂಗಿನಲ್ಲಿ ನಮ್ಮ ಕಡೆಯಿಂದಲೇ ಬಂದ ಹೊಸ ಬಾಡಿಗೆಯವರು ತಮ್ಮ ಕಾರಿಗೆ ಪೂಜೆ ಮಾಡುತ್ತಿದ್ದರು. ಊದುಬತ್ತಿಯ ವಾಸನೆ ನಮ್ಮ ಮನೆಯವರೆಗೂ ಬಂತು. ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಎದ್ದು ಕಿಟಕಿ ಮುಚ್ಚಿದಳು. ಕಾಕಾ ತೀರಿಕೊಂಡ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಾಳೆ. ಅವಳು ಕಿಟಕಿ ಯಾಕೆ ಮುಚ್ಚಿದಳೆಂದು ನಿಮಗೆ ತಿಳಿಯಬೇಕಾದರೆ ಒಂದು ಹಳೆಯ ಕಾರಿನ ವಿಷಯ ಹೇಳಬೇಕು. ಕಾರಿನ ವಿಷಯದಲ್ಲಿ ನಾನು ಶುದ್ಧ ದಡ್ಡ, ಟಯರ್ ಪಂಕ್ಚರ್ ಆದರೂ ಮೊದಲು ಬಾನೆಟ್ ಎತ್ತುವವನು. ತಪ್ಪು ಹೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪುಣೆಗೆ ಓದಲು ಬಂದಾಗ ನಾನು ಧನಕವಡಿಯಲ್ಲಿ ಕಾಕಾರ ಮನೆಯಲ್ಲಿದ್ದೆ. ವಿಜಯಪುರದ ಕಡೆಯಿಂದ ಗುಮಾಸ್ತರಾಗಿ ಬಂದು, ಸದಾಶಿವ ಪೇಠದ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದ ಅವರ ಜೀವನದ ಒಂದೇ ಆಡಂಬರವೆಂದರೆ ಆ ಸೆಕೆಂಡ್ ಹ್ಯಾಂಡ್ ಕಾರು. ಅದಕ್ಕೊಂದು ರೋಗವಿತ್ತು: ಡಿಸ್ಟ್ರಿಬ್ಯೂಟರ್. ಎಂಜಿನ್ನಿನ ಪ್ಲಗ್ಗುಗಳಿಗೆಲ್ಲ ಸರದಿಯ ಪ್ರಕಾರ ಕಿಡಿ ಹಂಚುವ ಭಾಗ ಅದು, ಪಂಕ್ತಿಯಲ್ಲಿ ತುಪ್ಪ ಬಡಿಸುವವನ ಹಾಗೆ. ಅವನು ಕೈ ಕಟ್ಟಿ ನಿಂತರೆ ಊಟವೇ ಇಲ್ಲ.

ಕಾಕಾ ಅದರ ಮುಚ್ಚಳ ಬಿಚ್ಚಿ, ಹಳೇ ಬನಿಯನ್ ಚಿಂದಿಯಿಂದ ಒರೆಸಿ, ಒಳಗೆಲ್ಲ ಉಜ್ಜಿ, ಮತ್ತೆ ಕೂರಿಸುತ್ತಿದ್ದರು. ಗಾಡಿ ಗುರ್ ಎಂದ ಕೂಡಲೇ "ನೋಡಪಾ, ಕೈಗುಣಾ ಅಂದ್ರ ಇದು" ಎಂದು ನನ್ನ ಕಡೆ ನೋಡುವರು. ಆ ನೋಟಕ್ಕಾಗಿಯೇ ನಾನು ಎಷ್ಟೋ ಸಲ ಕಾಲೇಜಿಗೆ ತಡವಾಗಿ ಹೋದೆ.

ಆದರೆ ರೋಗ ಹೆಚ್ಚುತ್ತಾ ಹೋಯಿತು. ಹೊಸ ಮುಚ್ಚಳ ತಂದರು, ಒಳಗೆ ತಿರುಗುವ ರೋಟರನ್ನೂ ಬದಲಿಸಿದರು. ನಾಲ್ಕು ದಿನ ಓಡಿ ಮತ್ತೆ ನಿಲ್ಲುವುದು. "ಈಗಿನ ಮಾಲೆಲ್ಲಾ ಡುಪ್ಲಿಕೇಟ್" ಎಂದು ಕಾಕಾ ಅಂಗಡಿಯವರನ್ನು ಬೈದರು. ಕಾಕು ಪೂಜೆ ಹೆಚ್ಚಿಸಿದಳು. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಇಲ್ಲಿಯವರಿಗೆ ದಸರೆಯೊಂದೇ ಸಾಕು. ಕಾಕು ಬಾನೆಟ್ ಎತ್ತಿಸಿ ಎಂಜಿನ್ನಿಗೂ ಅರಿಶಿನ ಕುಂಕುಮ ಹಚ್ಚಿ ತೀರ್ಥ ಹಾಕುವಳು. ಮೊದಲು ಅಮಾವಾಸ್ಯೆಗೆ, ಆಮೇಲೆ ಮಂಗಳವಾರ, ಶುಕ್ರವಾರಕ್ಕೂ. "ಕಾಯ್ ವಹಿನಿ, ಗಾಡೀಚಂ ಲಗ್ನ ಆಹೇ ಕಾ?" ಎಂದು ಪಕ್ಕದ ಮನೆಯಾಕೆ ನಗುವಳು, ಗಾಡಿಗೆ ಮದುವೆಯೇನು ಎಂದು.

ಒಂದು ದಿನ ಮುಚ್ಚಳದ ಒಳಗೆ ಅರಿಶಿನದ ನೀರು ನಿಂತಿರುವುದನ್ನು ಕಂಡೆ. ಕಾಕಾ ಅದನ್ನು ಕೈಯಲ್ಲೇ ಹಿಡಿದಿದ್ದರು, ಅವರಿಗೆ ಕಾಣಲಿಲ್ಲ. ಅಡುಗೆಮನೆಗೆ ಹೋಗಿ, "ಕಾಕು, ನೀ ಹಾಕೂ ನೀರಿಂದನ ಗಾಡಿ ನಿಲ್ಲಾಕತ್ತದ" ಎಂದೆ.

"ಗೊತ್ತದ" ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಕಾತ್ರಜ್ ಹಾದ್ಯಾಗ ಸಾಲಿ ಹುಡುಗಿ ಅಡ್ಡ ಬಂದ್ಲು. ನಾ ಒದರಿದ ಮ್ಯಾಲೆ ಬ್ರೇಕ್ ಹಾಕಿದ್ರು. ಅವರ ಕಣ್ಣಿಗೆ ಆಕಿ ಕಾಣಸ್ಲೇ ಇಲ್ಲ."

"ಗಾಡಿ ಹೊಡಿಬ್ಯಾಡ್ರಿ ಅಂತ ಅವರಿಗೆ ಹೇಳು ಮತ್ತ."

"ಹೆಂಗ ಹೇಳ್ಲೋ? ನಿಮಗ ಕಣ್ಣು ಕಾಣಂಗಿಲ್ಲ ಅಂತ ಹೆಂಡ್ತಿ ಬಾಯಿಲೆ ಕೇಳಿದ್ರ ಅವರು ಭಾಳ ಕುಗ್ಗತಾರ. ಗಾಡಿ ಕೆಟ್ಟದ ಅಂದ್ರ ಸುಮ್ಮ ಕೂಡ್ತಾರ."

ಕೂತರು. ಬಾನೆಟ್ ಎತ್ತಿ ಮುಚ್ಚಳವನ್ನು ತಿರುಗಿಸುತ್ತಾ ಕೂತವರು, ಬರಬರುತ್ತಾ ಕೆಳಗೆ ಇಳಿಯುವುದನ್ನೇ ಬಿಟ್ಟರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆ. ಕಾಕುಗೆ ದಿಗಿಲಾಯಿತು. ತಾನೇ ಹೋಗಿ ಮುಚ್ಚಳವನ್ನು ಸೆರಗಿನಿಂದ ಒರೆಸಿ ಒಣಗಿಸಿ ಬಂದು, "ರೀ, ಒಮ್ಮೆ ಚಾಲೂ ಮಾಡ್ರಿ, ನಿಮ್ಮ ಕೈಗೆ ಬರ್ತದ" ಎಂದು ಚಾವಿ ಮುಂದೆ ಹಿಡಿದಳು. ಕಾಕಾ ಮುಖ ತಿರುಗಿಸಿದರು. ಕೊನೆಗೆ ಕಾರನ್ನು ಗುಜರಿಯವನು ಎಳೆದುಕೊಂಡು ಹೋದ.

ಆ ಸಂಜೆ ಕಾಕಾ ನನ್ನನ್ನು ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಕರೆದರು. "ಕಣ್ಣು ಹೋಗ್ಯಾವ ಖರೆ. ಮೂಗು ಅದಲಾ, ಕಡೀಕಡೀಗೆ ಅರಿಶಿಣದ ವಾಸನಿ ತಿಳೀತು. ಒಂದು ಮಾತು ಹೇಳಿದ್ರ ನಾನ ಚಾವಿ ಅಕಿ ಕೈಯಾಗ ಇಡ್ತಿದ್ನಿ. ಹೇಳ್ಲಿಲ್ಲ. ಇರ್ಲಿ, ನೀ ಅಕಿಗೆ ಹೇಳಬ್ಯಾಡ." ನಾನು ತಲೆಯಾಡಿಸಿದೆ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅವರಿಬ್ಬರ ನಡುವೆ ಕೂತು ಉಣ್ಣುವುದು ಎಂಥ ಸಂಕಟವೆಂದು ಆಗ ತಿಳಿಯಿತು. ಕಾಕಾ ಮುಂದಿನ ಮಳೆಗಾಲ ನೋಡಲಿಲ್ಲ.

ಇವತ್ತು ಕಿಟಕಿ ಮುಚ್ಚಿ ಬಂದ ಕಾಕು ಯಾವಾಗಿನಂತೆ, "ಅವರ ಕೈಗುಣಾ ನಾನ ಕೊಂದ್ನಿ" ಎಂದಳು. ಇಷ್ಟು ವರ್ಷ ತಡೆದುಕೊಂಡಿದ್ದ ನನಗೆ ಇಂದು ತಡೆಯಲಾಗಲಿಲ್ಲ. ಅವಳ ಎದೆಯ ಭಾರ ಇಳಿಯಲಿ ಎಂದುಕೊಂಡು, "ಅವರಿಗೆ ಗೊತ್ತಿತ್ತು ಕಾಕು" ಎಂದೆ. ಕಾಕಾ ಗ್ಯಾಲರಿಯಲ್ಲಿ ಆಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಕಾಕು ನನ್ನ ಕಡೆ ತಿರುಗಿದಳು. "ಗೊತ್ತಿದ್ದೂ ನನ್ನ ಮುಂದ ಹಂಗ ಕೂತ್ರೇನು?" ಎಂದಳು. "ಒಮ್ಮೆರೆ ನನಗ ಬೈಬೇಕಿತ್ತೋ ಅವರು."

ಭಾರ ಇಳಿಸಲು ಹೋದವನು ನಾನು. ಕಾಕಾ ಹೋದ ಮೇಲೆ ಮೊದಲ ಸಲ ಕಾಕು ಅವರ ಮೇಲೆ ಸಿಟ್ಟು ಮಾಡಿಕೊಂಡು ಅತ್ತಳು.